ತತ್ಕಾಲದ ಸೂರು

ಗೋಡೆಯ ಅಂದವನ್ನು ಹೊಗಳುವವರು ಬಹಳ ಮಂದಿ. ತಲೆಯ ಮೇಲಿನ ಮಾಡನ್ನು ನೆನೆಯುವವರು ವಿರಳ. ಬಿರುಗಾಳಿ ಅದನ್ನು ಕಿತ್ತೊಯ್ದ ದಿನವೇ ಅದರ ಬೆಲೆ ಮನುಷ್ಯನಿಗೆ ತಿಳಿಯುವುದು.

ಬೆಳಗಾವಿಯ ದಕ್ಷಿಣಕ್ಕಿರುವ ಖಾನಾಪುರ ತಾಲ್ಲೂಕು ಸಹ್ಯಾದ್ರಿಯ ಮಡಿಲಿನಲ್ಲಿದೆ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ ಇರುವುದು ಇಲ್ಲಿಯೇ. ಅರಬ್ಬೀ ಸಮುದ್ರದ ಮೋಡಗಳು ಘಟ್ಟವನ್ನೇರಿ ಈ ಸೀಮೆಯಲ್ಲಿ ಧಾರಾಕಾರವಾಗಿ ಸುರಿಯುತ್ತವೆ. ಇಲ್ಲಿಯ ಹಳ್ಳಿಗಳಲ್ಲಿಯೂ ಬೆಳಗಾವಿಯ ಹಳೆಯ ಓಣಿಗಳಲ್ಲಿಯೂ ಮಣ್ಣಿನ ಗೋಡೆಯ, ಹಂಚು ಹೊದೆಸಿದ ಮನೆಗಳು ಇಂದಿಗೂ ಉಂಟು. ಹಂಚುಗಳು ಒಂದನ್ನೊಂದು ಕಚ್ಚಿಕೊಂಡು ಕುಳಿತಿರುತ್ತವೆ. ಅಂಚಿನ ಒಂದು ಹಂಚು ಎದ್ದಿತೆಂದರೆ, ಅದರಡಿ ನುಗ್ಗಿದ ಗಾಳಿ ಸಾಲನ್ನೇ ಎಬ್ಬಿಸುತ್ತದೆ.

ಮಾಡಿನಲ್ಲಿ ಬಿದ್ದ ಕಿಂಡಿಯ ಕೇಡು ಅಷ್ಟಕ್ಕೇ ನಿಲ್ಲದು. ಅಲ್ಲಿಂದಿಳಿದ ನೀರು ಗೋಡೆಯ ನೆತ್ತಿಯನ್ನು ಸೇರಿ ಒಳಮಣ್ಣನ್ನು ಮೆದುಗೊಳಿಸುತ್ತದೆ. ನೆನೆದ ಗೋಡೆ ತೊಲೆಯ ಭಾರವನ್ನು ತಾಳಲಾರದೆ ಕುಸಿಯುತ್ತದೆ. ಕೆಲವೊಮ್ಮೆ ಮಲಗಿದವರ ಮೇಲೆಯೇ ಕುಸಿಯುತ್ತದೆ. 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಬೆಳಗಾವಿ ಜಿಲ್ಲೆಯ ಸಾವಿರಾರು ಮನೆಗಳು ನೆಲಕಚ್ಚಿದವು. ಸರ್ಕಾರವು ನೊಂದ ಕುಟುಂಬಗಳಿಗೆ ತುರ್ತಾಗಿ 10,000 ರೂಪಾಯಿಗಳನ್ನೂ, ಪೂರ್ತಿ ಬಿದ್ದ ಮನೆಗಳಿಗೆ 5 ಲಕ್ಷ ರೂಪಾಯಿಗಳನ್ನೂ ಘೋಷಿಸಿತು. ಆದರೆ ಪರಿಹಾರ ಕೈಸೇರಲು ದಿನಗಳು ಬೇಕು. ಗೋಡೆಯನ್ನು ಕೆಡಹಲು ಮಳೆಗೆ ಒಂದು ರಾತ್ರಿ ಸಾಕು.

ಆ ಒಂದು ರಾತ್ರಿಯನ್ನು ಗೆಲ್ಲಿಸುವುದೇ ತಾಡಪತ್ರಿಯ ಸೂರು. ಅದನ್ನು ಹೊದಿಸುವುದಕ್ಕೂ ವಿವೇಕ ಬೇಕು. ಗಾಳಿ ಇಳಿಯುವವರೆಗೆ ಯಾರೂ ಏಣಿ ಹತ್ತಬಾರದು. ಹರಿದ ವಿದ್ಯುತ್ ತಂತಿಯ ಬಳಿ ಸುಳಿಯಲೂಬಾರದು. ಹಾಳೆಯನ್ನು ಕಿಂಡಿಯ ಮೇಲಷ್ಟೇ ಹಾಸಿದರೆ ಮೇಲಿನಿಂದ ಹರಿದ ನೀರು ಅದರಡಿಗೆ ನುಸುಳುತ್ತದೆ. ಆದಕಾರಣ ಅದು ಮಾಡಿನ ನೆತ್ತಿಯನ್ನು ದಾಟಿ ಆಚೆಯ ಇಳುಕಲಿಗೂ ಇಳಿದಿರಬೇಕು. ಎರಡು ಹಾಳೆಗಳಿದ್ದರೆ ಕೆಳಗಿನದನ್ನು ಮೊದಲು ಹಾಸಿ, ಮೇಲಿನದರ ಅಂಚನ್ನು ಅದರ ಮೇಲೆ ಬರಿಸಬೇಕು. ಹಂಚು ಕಲಿಸುವ ಪಾಠವೂ ಇದೇ. ಅಂಚುಗಳನ್ನು ಮರದ ಪಟ್ಟಿಗೆ ಸುತ್ತಿ ಹಗ್ಗದಿಂದ ಬಿಗಿಯಬೇಕು. ಬರಿಯ ಕಲ್ಲು ಹೇರಿದರೆ ಮುಂದಿನ ಗಾಳಿಗೆ ಅದೇ ತಲೆಯ ಮೇಲೆ ಉರುಳೀತು.

ಈ ಕೆಲಸ ಒಬ್ಬನಿಂದಾಗುವುದಲ್ಲ. ಒಬ್ಬನು ಏಣಿಯನ್ನು ಹಿಡಿಯಬೇಕು, ಇಬ್ಬರು ಹಗ್ಗವನ್ನು ಎಳೆಯಬೇಕು, ಒಳಗಿದ್ದವರು ಕಾಳಿನ ಚೀಲಗಳನ್ನು ಸರಿಸಬೇಕು. ಶಹಾಪುರ, ವಡಗಾವಿಗಳ ನೇಕಾರರ ಮನೆಗಳಲ್ಲಿ ಮೊದಲು ಕಾಯಬೇಕಾದುದು ಮಗ್ಗವನ್ನು. ಹಾಸುಹೊಕ್ಕಿನ ನೂಲು ನೆನೆಯಿತೆಂದರೆ ಆ ಮನೆಯ ಅನ್ನವೇ ನೆನೆದಂತೆ. ತನ್ನ ಮಾಡು ಗಟ್ಟಿಯಾಗಿರುವವನು ನೆರೆಯವನ ಮಾಡಿಗೆ ಕೈಗೂಡಿಸಿದಾಗಲೇ ಓಣಿ ಉಳಿಯುತ್ತದೆ.

ತಾಡಪತ್ರಿ ಬಿಸಿಲಿಗೆ ಬೇಗನೆ ಹರಿಯುತ್ತದೆ. ಅದನ್ನೇ ನಂಬಿ ಮುಂದಿನ ಮಳೆಗಾಲದವರೆಗೆ ಸುಮ್ಮನಿರುವುದು ಸಲ್ಲದು. ಆದರೂ ತತ್ಕಾಲದ್ದೆಂದು ಅದನ್ನು ಹಳಿಯಲಾಗದು. ಹೊಸ ಹಂಚು ಬರುವ ದಿನ ಅದನ್ನು ಹೊರಲು ಗೋಡೆಗಳು ನಿಂತಿರಬೇಕಲ್ಲವೇ? ಅವುಗಳನ್ನು ಅಲ್ಲಿಯವರೆಗೆ ನಿಲ್ಲಿಸಿಕೊಳ್ಳುವುದು ಈ ಬಡ ಹೊದಿಕೆಯೇ.