ಕಬ್ಬಿಣದೊಳಗಿನ ಕಾಲುವೆ

ಮಾಲೂರಿನ ಹೆಂಚಿನ ಕಾರ್ಖಾನೆಗಳು ಹಿಂದಾದ ಮೇಲೆ ಬಸ್ಸಿನ ಕಿಟಕಿಯಲ್ಲಿ ಮತ್ತೆ ಮತ್ತೆ ಕಂಡದ್ದು ಎರಡೇ: ಕೆರೆ ಮತ್ತು ಟಿಸಿ. ಟ್ರಾನ್ಸ್‌ಫಾರ್ಮರನ್ನು ನಮ್ಮ ರೈತರು ಕರೆಯುವುದೇ ಟಿಸಿ ಎಂದು. ಹೊಲದಂಚಿನ ಜೋಡಿ ಕಂಬದ ಮೇಲೆ ಕೂತ ಆ ಬೂದು ಡಬ್ಬಕ್ಕಿಂತ ದೊಡ್ಡ ಅಚ್ಚರಿ ನೋಡಲು ನಾನು ದೂರದೇಶಕ್ಕೆ ಹೋಗಬೇಕಿಲ್ಲ.

ಅದರೊಳಗಿನ ಎರಡು ಸುರುಳಿಗಳು ಒಂದನ್ನೊಂದು ಮುಟ್ಟುವುದಿಲ್ಲ. ಆಚೆಯ ಶಕ್ತಿಯನ್ನು ಈಚೆಗೆ ದಾಟಿಸುವುದು ಕಬ್ಬಿಣದ ಚೌಕಟ್ಟಿನೊಳಗೆ ಸುತ್ತುವ ಕಾಂತೀಯ ಹರಿವು, ಅಂದರೆ ಫ್ಲಕ್ಸ್. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದಾಟಿ ಇದೇ ಸೀಮೆಯ ಚಿನ್ನದ ಗಣಿಗೆ ಬಂದದ್ದೂ ಹೀಗೆ ಕಬ್ಬಿಣದೊಳಗೆ ಹಾದೇ.

ಕೋಲಾರದ ಕೆರೆಗಳು ಸರಪಳಿ ಕೆರೆಗಳು. ಮೇಲಿನದು ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಕಾಂತೀಯ ಮಂಡಲವೂ ಹೆಚ್ಚುಕಡಿಮೆ ಹಾಗೆಯೇ. ಸುರುಳಿಯ ಸುತ್ತುಗಳನ್ನು ಕರೆಂಟಿನಿಂದ ಗುಣಿಸಿದರೆ ನೂಕುವ ಬಲ, ಕಬ್ಬಿಣವೇ ಕಾಲುವೆ, ದಾರಿ ಒಡ್ಡುವ ತಡೆ ರಿಲಕ್ಟೆನ್ಸ್. ದಾರಿ ಉದ್ದವಾದರೆ ತಡೆ ಹೆಚ್ಚು, ಅಗಲವಾದರೆ ಕಡಿಮೆ. ಆದರೆ ಫ್ಲಕ್ಸಿಗೆ ಕೊನೆಯ ಕೆರೆಯಿಲ್ಲ. ಹೊರಟಲ್ಲಿಗೇ ಅದು ಮರಳಬೇಕು.

ಶ್ರೀನಿವಾಸಪುರದಲ್ಲಿ ಇಳಿದದ್ದು ಮಾವಿನ ಆಸೆಗೆ, ನಿಂತದ್ದು ವೈಂಡಿಂಗ್ ಅಂಗಡಿಯ ಮುಂದೆ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟರು, ಆಳುದ್ದದ ಸಪೂರ ಕೊಳವೆ, ಬೆಂಚಿನ ಮೇಲೆ ಮಲಗಿತ್ತು. ಒಳಗೆ ತೆಳ್ಳನೆಯ ಸ್ಟ್ಯಾಂಪಿಂಗ್ ತಗಡುಗಳು ಹಾಳೆಗಳಂತೆ ಒತ್ತಾಗಿ ಕೂತಿದ್ದವು. ಇಡಿಗಬ್ಬಿಣವಾಗಿದ್ದರೆ ಅದರೊಳಗೇ ಸುಳಿಗರೆಂಟು ಎದ್ದು ಕಾದುಹೋಗುತ್ತಿತ್ತು. ಒಳಗೆ ತಿರುಗುವ ರೋಟರನ್ನು ಬೆಳಕಿಗೆ ಹಿಡಿದು ಮೆಕ್ಯಾನಿಕ್ ತಲೆಯಾಡಿಸಿದರು.

“ಉಜ್ತದೆ ಅಂತ ಯಾರೋ ಇದನ್ನ ಲೇತ್‌ಗೆ ಹಾಕ್ಸವ್ರೆ ಸಾರ್. ಗ್ಯಾಪ್ ಜಾಸ್ತಿ ಆಗೋಗದೆ. ಇನ್ನಿದು ಆಂಪ್ಸ್ ಎಳೀತದೆ.”

ನಾನು ಕಾಲೇಜಿನಲ್ಲಿ ಪುಟಗಟ್ಟಲೆ ಬರೆದದ್ದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು. ಸುತ್ತ ಅಲುಗದೆ ಕೂತ ಸ್ಟೇಟರಿಗೂ ರೋಟರಿಗೂ ನಡುವಿನ ಸಂದು ಅರ್ಧ ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಕಬ್ಬಿಣ ಗಾಳಿಗಿಂತ 4000 ಪಟ್ಟು ಸಲೀಸಾಗಿ ಫ್ಲಕ್ಸಿಗೆ ದಾರಿ ಕೊಡುವುದಾದರೆ, ಆ ಸಂದನ್ನು ದಾಟುವ ಕಷ್ಟ 2 ಮೀಟರ್ ಕಬ್ಬಿಣ ದಾಟಿದಷ್ಟು. ಇಂಥ ಮೋಟರಿನಲ್ಲಿ ಸಂದಿನ ತುಂಬ ನೀರಿರುತ್ತದೆ, ಆದರೆ ಫ್ಲಕ್ಸಿಗೆ ನೀರೂ ಒಂದೇ ಗಾಳಿಯೂ ಒಂದೇ. ಸಂದು ಹಿಗ್ಗಿದಷ್ಟೂ ಅದೇ ಹರಿವಿಗೆ ಹೆಚ್ಚು ಕರೆಂಟು ಬೇಕು. ಆ ಕರೆಂಟು ನೀರೆತ್ತದೆ ಬರೀ ಸುರುಳಿಯನ್ನು ಕಾಯಿಸುತ್ತದೆ. ಸಾವಿರ ಅಡಿ ಕೆಳಗೆ ನೀರು ಹುಡುಕುವ ಈ ಸೀಮೆಯಲ್ಲಿ ಮೋಟರನ್ನು ಮತ್ತೊಮ್ಮೆ ಮೇಲೆತ್ತಿಸುವುದೆಂದರೆ ರೈತನ ಕೈ ಬರಿದಾಗುವ ಮಾತು. “ಬೇರೆ ರೋಟರೇ ಹಾಕ್ಬೇಕು,” ಎಂದು ಅವರು ಅದನ್ನು ಪಕ್ಕಕ್ಕಿಟ್ಟರು.

ಮುಳಬಾಗಿಲು ತಲುಪುವಾಗ ಕತ್ತಲಾಗಿತ್ತು. ದೋಸೆಗೆ ಕಾಯುತ್ತ ಹೋಟೆಲಿನ ಹೊರಗೆ ನಿಂತೆ. ಎದುರಿನ ಟಿಸಿ ಗುಂಯ್‌ಗುಡುತ್ತಿತ್ತು. ಕರೆಂಟು ಸೆಕೆಂಡಿಗೆ 50 ಆವರ್ತ ಮುಗಿಸುವಷ್ಟರಲ್ಲಿ ಒಳಗಿನ ಕಬ್ಬಿಣ 100 ಸಲ, ಕಣ್ಣಿಗೆ ಕಾಣದಷ್ಟು, ಹಿಗ್ಗಿ ಕುಗ್ಗುತ್ತದೆ. ದೋಸೆ ಬರುವವರೆಗೂ ಆ ಸದ್ದನ್ನೇ ಕೇಳುತ್ತಿದ್ದೆ.