ತೋಳಿನ ತಪ್ಪಲ್ಲ

"ಈಗಿನ ಹುಡುಗರ ತೋಳಾಗೆ ಏನೈತ್ರಿ? ಮೊಬೈಲ್ ಹಿಡಿಯೋ ಕಸುವಷ್ಟೇ."

ಬೆಳಿಗ್ಗೆ ಹಾಲು ತರಲು ಹೋದಾಗ ಪಕ್ಕದ ಮನೆಯ ಯಜಮಾನರು ಇಷ್ಟು ಹೇಳಿ ಒಳಗೆ ಹೋದರು. ಅವರು ಹೋದರು, ಮಾತು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಕಾಫಿ ಕುಡಿಯುವಾಗ ಇತ್ತು, ಪೇಪರ್ ತಿರುವುವಾಗ ಇತ್ತು, ಇದನ್ನು ಬರೆಯಲು ಕೂತಾಗಲೂ ಇದೆ. ಅವರು ಹೇಳಿದ್ದು ನನ್ನ ಅಕ್ಕನ ಮಗನ ವಿಚಾರ. ನಿನ್ನೆ ಉಕ್ಕಡಗಾತ್ರಿಯ ಹೊಳೆದಂಡೆಯಲ್ಲಿ ಒಂದೊತ್ತು ಮೆಟಲ್ ಡಿಟೆಕ್ಟರ್ ಆಡಿಸಿ ಬಂದ ಹುಡುಗ ಇವತ್ತು ಬಲಗೈ ಎತ್ತಿ ಅಂಗಿ ತೊಡಲಾರದೆ ಒದ್ದಾಡುತ್ತಿದ್ದ. ಆರಡಿ ಎತ್ತರದ ಆಳು, ಸುಗ್ಗಿಯಲ್ಲಿ ಭತ್ತದ ಚೀಲ ಹೆಗಲಿಗೇರಿಸಿ ಲಾರಿ ತುಂಬಿಸುವವನು. ಅವನ ತೋಳಿನಲ್ಲಿ ಕಸುವಿಲ್ಲ ಎಂದರೆ ನಾನು ಒಪ್ಪುವುದು ಹೇಗೆ?

ಕಾರಣ ಉಂಗುರ. ಹೋದ ಅಮಾವಾಸ್ಯೆಗೆ ಅಜ್ಜಯ್ಯನ ದರ್ಶನಕ್ಕೆ ಹೋದವನು ಹೊಳೆಯಲ್ಲಿ ಮುಳುಗು ಹಾಕಿ, ದಡಕ್ಕೆ ಬಂದು ತಲೆ ಒರೆಸಿಕೊಳ್ಳುವಾಗ ಮದುವೆಯ ಉಂಗುರ ಜಾರಿ ಮರಳಿಗೆ ಬಿತ್ತು. ಉಕ್ಕಡಗಾತ್ರಿಯ ಪರಿಚಯ ನಮ್ಮ ಕಡೆಯವರಿಗೆ ಬೇಕಿಲ್ಲ. ಹರಿಹರ ತಾಲ್ಲೂಕು, ತುಂಗಭದ್ರೆಯ ದಂಡೆ, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಫತ್ತೇಪುರದ ರಸ್ತೆ ಮುಳುಗಿ ಊರಿಗೆ ದಾರಿಯೇ ಇರುವುದಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಮರಳು ಬಯಲಾಗುತ್ತದೆ. ಮೈಗೆ ಅಂಟಿದ್ದು ಬಿಟ್ಟುಹೋಗಲಿ ಎಂದು ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ಅಲ್ಲೇ ಹೊಳೆಗೆ ಬಿಟ್ಟು ಬರುವವರು ಬಹಳ. ಬಟ್ಟೆ ಕೊಳೆತು ಹೋಗುತ್ತದೆ, ಅದರ ಹುಕ್ಕು, ಜಿಪ್ಪು, ಪಿನ್ನುಗಳು ಮರಳಿನಲ್ಲಿ ಉಳಿಯುತ್ತವೆ. ಈ ಯಂತ್ರಕ್ಕೆ ಉಂಗುರವೂ ಒಂದೇ, ರವಿಕೆಯ ಹುಕ್ಕೂ ಒಂದೇ ಎಂಬಂತೆ ಎರಡಕ್ಕೂ ಕೂಗಿಕೊಳ್ಳುತ್ತದೆ. ಹುಡುಗ ಹೆಜ್ಜೆ ಹೆಜ್ಜೆಗೂ ಬಗ್ಗಿ, ಬೆರಳಲ್ಲಿ ಮರಳು ಕೆದಕಿ, ಮತ್ತೊಂದು ತುಕ್ಕು ಹಿಡಿದ ಪಿನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಉಂಗುರ ಸಿಗಲಿಲ್ಲ.

ಕಳೆದುಹೋದ ಸ್ವಂತ ವಸ್ತು ಹುಡುಕಿಕೊಳ್ಳುವುದು ಬೇರೆ, ಹಳೆಯ ನಿಧಿಗೆ ಕೈ ಹಾಕುವುದು ಬೇರೆ. ನಿಧಿಯ ವಿಚಾರಕ್ಕೆ ಕರ್ನಾಟಕದಲ್ಲಿ 1962ರ ಕಾಯ್ದೆಯೇ ಇದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ನಮ್ಮ ಹರಿಹರೇಶ್ವರ ದೇವಸ್ಥಾನದಂಥ ಸಂರಕ್ಷಿತ ಸ್ಮಾರಕದ ಹತ್ತಿರ ಈ ಯಂತ್ರ ಹಿಡಿದು ಸುಳಿಯಲೂಬಾರದು. ತೋಳು ನೋವಿಗೆ ಬಿಸಿನೀರು ಹಾಕಿ, ಎರಡು ದಿನ ಸುಮ್ಮನಿರು, ವಾರ ಕಳೆದರೂ ಕೈ ಮೇಲೇಳದಿದ್ದರೆ ಡಾಕ್ಟರ ಹತ್ತಿರ ಹೋಗು ಎನ್ನುವುದನ್ನೂ ಯಾರಾದರೂ ಹೇಳುತ್ತಾರೆ. ನನ್ನ ತಕರಾರು ಇವಲ್ಲ.

ಆ ಯಂತ್ರ ಅವನದಲ್ಲ, ದಾವಣಗೆರೆಯ ಗೆಳೆಯನದು. ಗೆಳೆಯ ಐದೂಕಾಲಡಿ ಇದ್ದಾನು. ಕೋಲು ಗೆಳೆಯನ ಅಳತೆಗೆ ನಿಂತಿತ್ತು. ಉದ್ದ ಮಾಡೋಣ ಎಂದರೆ ಕೋಲಿನ ನಡುವಿನ ತಿರುಪು ಮರಳು ಕಚ್ಚಿಕೊಂಡು ಅಲುಗಲಿಲ್ಲ. "ಇರ್ಲಿ ಬಿಡು ಮಾವ, ಹಿಂಗೇ ನೋಡ್ತೀನಿ" ಎಂದ. ಆರಡಿ ಮನುಷ್ಯ ಐದೂಕಾಲಡಿಯವನ ಕೋಲು ಹಿಡಿದರೆ ಬೆನ್ನು ಬಗ್ಗಲೇಬೇಕು, ಬೆನ್ನು ಬಗ್ಗಿದ ಮೇಲೆ ತೋಳು ಮುಂದಕ್ಕೆ ಚಾಚಲೇಬೇಕು. ಕಷ್ಟ ಅಲ್ಲಿಂದ ಶುರು. ಯಂತ್ರದ ಪೂರ್ತಿ ತೂಕ ಒಂದೂಕಾಲು, ಒಂದೂವರೆ ಕಿಲೋ. ಆದರೆ ಮುಂದಿನ ತಟ್ಟೆ ಅರ್ಧ ಕಿಲೋ ಇದ್ದು ಕೈಯಿಂದ ಒಂದು ಮೀಟರ್ ಆಚೆ ನಿಂತರೆ, ಅದು ಹತ್ತು ಸೆಂಟಿಮೀಟರ್ ದೂರದಲ್ಲಿ ತೂಗುವ ಐದು ಕಿಲೋದಷ್ಟು ಎಳೆಯುತ್ತದೆ. ಭತ್ತದ ಚೀಲ ಹೊರುವಾಗ ಭಾರ ನೇರವಾಗಿ ಬೆನ್ನಿಗೆ, ಕಾಲಿಗೆ ಇಳಿಯುತ್ತದೆ. ಇಲ್ಲಿ ಭುಜದ ಸಣ್ಣ ಸ್ನಾಯುಗಳು ಒಂದೇ ಸಮನೆ ಬಿಗಿದುಕೊಂಡು ನಿಲ್ಲಬೇಕು. ಬಿಗಿದ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ, ಆಗಾಗ ಸಡಿಲ ಬಿಟ್ಟರಷ್ಟೇ ಅದಕ್ಕೆ ಉಸಿರು. ಚೀಲ ಹೊತ್ತವನ ತೋಳು ಕೋಲಿಗೆ ಸೋಲುವುದು ಹೀಗೆ.

ಈ ಕೋಲಿನ ಭಾರ ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಯುಸೆಫ್ ಕೊಸಾಟ್ಸ್ಕಿ ಎಂಬ ಪೋಲೆಂಡಿನ ಅಧಿಕಾರಿ ನೆಲಬಾಂಬು ಪತ್ತೆ ಮಾಡುವ ಯಂತ್ರ ರೂಪಿಸಿದ. 1942ರಲ್ಲಿ ಎಲ್ ಅಲಮೇನ್ ಮರುಭೂಮಿಯಲ್ಲಿ ಸೈನಿಕರು ಅದನ್ನು ಹಿಡಿದು ನಡೆದರು. ಅದರ ತೂಕ ಹತ್ತಿರ ಹತ್ತಿರ 14 ಕಿಲೋ. ತಪ್ಪಿದರೆ ಪ್ರಾಣ ಹೋಗುವ ಜಾಗದಲ್ಲಿ ಆ ಭಾರ ಹೊತ್ತು ಒಂದೊಂದೇ ಹೆಜ್ಜೆ ಇಟ್ಟವರ ಭುಜದ ನೋವನ್ನು ಯಾವ ಚರಿತ್ರೆಯ ಪುಸ್ತಕದಲ್ಲೂ ನಾನು ಓದಿಲ್ಲ.

ನಿನ್ನೆ ನಾವು ಕೊನೆಗೆ ಕೋಲನ್ನು ಹೊಳೆಯ ನೀರಿನಲ್ಲಿ ಅದ್ದಿ, ಮರಳು ತೊಳೆದು, ತಿರುಪು ಬಿಡಿಸಿದೆವು. ನೆಟ್ಟಗೆ ನಿಂತು ತೋಳು ಇಳಿಬಿಟ್ಟಾಗ, ಮೊಣಕೈ ಒಂಚೂರೇ ಮಡಿದಿರುವಾಗ, ತಟ್ಟೆ ಕಾಲಿನ ಹೆಬ್ಬೆರಳಿಗಿಂತ ತುಸು ಮುಂದೆ ನೆಲಕ್ಕೆ ಸಮನಾಗಿ ಬರಬೇಕು. ಅಷ್ಟು ಉದ್ದ ಮಾಡಿದೆವು. ಮುಂಗೈ ಕೂರುವ ಪಟ್ಟಿಯನ್ನು ಮೊಣಕೈ ಹತ್ತಿರಕ್ಕೆ ಸರಿಸಿದೆವು. ಹಿಡಿಯನ್ನು ಮುಷ್ಟಿ ಬಿಗಿದು ಹಿಡಿಯಬೇಡ ಎಂದೆ. ಕೆಲವು ಯಂತ್ರಗಳಲ್ಲಿ ಬ್ಯಾಟರಿ ಮೊಣಕೈ ಹಿಂದೆ ಇರುತ್ತದೆ, ಏತದ ಹಿಂದುಗಡೆ ಕಲ್ಲು ಕಟ್ಟಿದ ಹಾಗೆ ಮುಂದಿನ ಭಾರವನ್ನು ಹಿಂದಿನ ಭಾರ ಹಗುರ ಮಾಡುತ್ತದೆ. ಇದರಲ್ಲಿ ಆ ಅನುಕೂಲ ಇರಲಿಲ್ಲ. ಹೊತ್ತು ಪೂರ್ತಿ ಹುಡುಕುವವರು ಹೆಗಲಿಗೆ ಪಟ್ಟಿ ಹಾಕಿ ಎಲಾಸ್ಟಿಕ್ಕಿನಲ್ಲಿ ಕೋಲನ್ನು ತೂಗುಬಿಟ್ಟುಕೊಳ್ಳುವುದೂ ಉಂಟು. ಆಗ ಕೈಗೆ ದಿಕ್ಕು ತೋರಿಸುವ ಕೆಲಸವಷ್ಟೇ. ಇಷ್ಟೆಲ್ಲ ಮಾಡಿದ ಮೇಲೂ ಅವನು ಮಣಿಕಟ್ಟಿನಿಂದ ರಭಸವಾಗಿ, ಅಗಲವಾಗಿ ಬೀಸುತ್ತಿದ್ದ. ಬೀಸಿನ ಎರಡೂ ಕೊನೆಯಲ್ಲಿ ತಟ್ಟೆ ನೆಲ ಬಿಟ್ಟು ಮೇಲೇಳುತ್ತಿತ್ತು. ಮೇಲೆದ್ದ ತಟ್ಟೆಗೆ ಕೆಳಗಿನ ಉಂಗುರ ತಿಳಿಯದು, ತೋಳಿಗೆ ದುಡಿಮೆಯಂತೂ ತಪ್ಪದು.

ಅದನ್ನು ನೋಡುತ್ತಾ ನಿಂತಾಗ ನನಗೆ ದಾವಣಗೆರೆಯ ಗರಡಿ ಮನೆ ಕಣ್ಣಿಗೆ ಬಂತು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ, ಜಾತ್ರೆಗೆ ಕುಸ್ತಿ, ಕುಸ್ತಿಗೆ ತಿಂಗಳುಗಟ್ಟಲೆ ಸಾಮು. ನಾವು ಹುಡುಗರು ಗದೆ ಎತ್ತಲು ಹೋದರೆ ಉಸ್ತಾದರು ತೋಳು ಮುಟ್ಟುತ್ತಿರಲಿಲ್ಲ, ಸೊಂಟಕ್ಕೆ ಎರಡು ಬೆರಳು ಒತ್ತಿ "ಇಲ್ಲಿಂದ ತಿರುಗ್ಲೇ, ಕೈಯಿಂದ ಬ್ಯಾಡ" ಎನ್ನುತ್ತಿದ್ದರು. ಕಾಲು ಅಗಲಿಸಿ ನಿಂತು ಸೊಂಟ ತಿರುಗಿಸಿದರೆ ಗದೆ ತಾನಾಗಿ ಬೆನ್ನ ಹಿಂದೆ ಸುತ್ತಿ ಬರುತ್ತಿತ್ತು. ವ್ಯಾಸಭಾರತದಲ್ಲಿ ಕೃಷ್ಣನೇ ಹೇಳುತ್ತಾನೆ: ಭೀಮನನ್ನು ಕೊಲ್ಲಲೆಂದು ದುರ್ಯೋಧನ ಹದಿಮೂರು ವರ್ಷ ಲೋಹದ ಪ್ರತಿಮೆಯೊಂದರ ಮೇಲೆ ಗದೆ ಪಳಗಿಸಿದ್ದ. ಅಷ್ಟು ಪಳಗಿದ ತೋಳು ಕೊನೆಯ ದಿನವೂ ಸೋಲಲಿಲ್ಲ, ಮುರಿದದ್ದು ತೊಡೆ. ನಮ್ಮ ರನ್ನ ಒಂದು ಇಡೀ ಕಾವ್ಯವನ್ನು ಆ ಗದಾಯುದ್ಧಕ್ಕೇ ಮೀಸಲಿಟ್ಟ. ನನಗೆ ಅದರಲ್ಲಿ ಛಲದಷ್ಟೇ ದೊಡ್ಡದಾಗಿ ಕಾಣುವುದು ಪಳಗಿಕೆ.

ಪಳಗಿಕೆ ಇದ್ದರೂ ಸಲಕರಣೆ ಮೈಗೆ ಒಗ್ಗಬೇಕು. ನಮ್ಮ ಊರಿನಲ್ಲಿ ಗುದ್ದಲಿಗೆ ಕಾವು ಹಾಕಿಸುವಾಗ ಬಡಿಗೇರರು "ಯಾರು ಅಗಿಯೋರು?" ಎಂದು ಕೇಳುತ್ತಿದ್ದರು. ಅಪ್ಪನ ಕಾವು ಬೇರೆ, ಅವ್ವನ ಕಳೆಗುದ್ದಲಿಯ ಕಾವು ಬೇರೆ. ಅಗಿಯುವವರನ್ನು ನಿಲ್ಲಿಸಿ, ಕೈ ನೋಡಿ, ಮುಷ್ಟಿಯ ಗಾತ್ರಕ್ಕೆ ತಕ್ಕಂತೆ ಕಾವನ್ನು ಹೆರೆದು ಕೊಡುತ್ತಿದ್ದರು. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅಲ್ಲಿ ಫಿಟ್ಟರ್ ಆಗಿದ್ದ ನನ್ನ ಚಿಕ್ಕಪ್ಪ ಹೊಸ ಹುಡುಗರಿಗೆ ಅರ ಹಿಡಿಸುವ ಮೊದಲು ವೈಸ್ ಮುಂದೆ ನಿಲ್ಲಿಸುತ್ತಿದ್ದರಂತೆ. ಮುಷ್ಟಿಯನ್ನು ಗದ್ದಕ್ಕೆ ಆನಿಸಿಕೊಂಡಾಗ ಮೊಣಕೈ ವೈಸಿನ ದವಡೆಗೆ ತಾಕಬೇಕು, ಅದೇ ಸರಿಯಾದ ಎತ್ತರ. ಕುಳ್ಳ ಹುಡುಗನ ಕಾಲಡಿಗೆ ಹಲಗೆ ಬರುತ್ತಿತ್ತು. "ಅರ ಉಜ್ಜಿ ಭುಜ ನೋಯ್ತು ಅಂದ್ರೆ ಹುಡುಗನ್ನ ಬೈಬ್ಯಾಡ, ಮೇಜು ನೋಡು" ಎನ್ನುತ್ತಿದ್ದರು. ಕಾರ್ಖಾನೆ ಹೋಯಿತು, ಆ ಮಾತು ಹೋಗಬಾರದು.

ಈಗ ಬಹುತೇಕ ಸಲಕರಣೆ ಒಂದೇ ಅಳತೆಯಲ್ಲಿ ಪ್ಯಾಕಾಗಿ ಬರುತ್ತದೆ. ಬೆನ್ನಿಗೆ ಕಟ್ಟುವ ಔಷಧಿ ಪಂಪು ಆಳೆತ್ತರದ ಗಂಡಸಿಗೂ ಅದೇ, ಹದಿನೆಂಟರ ಹುಡುಗಿಗೂ ಅದೇ. ನೋವು ಬಂದಾಗ ಪಂಪನ್ನು ಯಾರೂ ಕೇಳುವುದಿಲ್ಲ, ಮೈಯನ್ನು ಬೈಯುತ್ತಾರೆ. ಪಕ್ಕದ ಮನೆಯ ಯಜಮಾನರು ಮಾಡಿದ್ದೂ ಇದನ್ನೇ.

ಹುಡುಗನ ನೋವು ಎರಡು ದಿನದಲ್ಲಿ ಇಳಿಯುತ್ತದೆ, ಎಲ್ಲರದೂ ಹಾಗಲ್ಲ. ನಿನ್ನೆ ನಾವು ಹೊರಡುವ ಹೊತ್ತಿಗೆ ಹೊಳೆಯ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಕಸ ಗುಡಿಸುತ್ತಿದ್ದರು. ಒದ್ದೆ ಬಟ್ಟೆ, ತೆಂಗಿನ ಚಿಪ್ಪು, ಊದುಬತ್ತಿಯ ಕಡ್ಡಿ, ನಿಂಬೆಹಣ್ಣು. ಕೈಯಲ್ಲಿ ಮೊಳದುದ್ದದ ಕಸಬರಿಗೆ, ಅದರ ಬುಡಕ್ಕೆ ಸೀರೆಯ ಚೂರು ಸುತ್ತಿ ಹಿಡಿ ಮಾಡಿಕೊಂಡಿದ್ದರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕೈಯಲ್ಲಿ ಗುಡಿಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದರು. ಹಿರಿಯಾಕೆ ನಡುನಡುವೆ ನಿಂತು ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತಿದ್ದಳು. "ದಿನಾ ಹಿಂಗೇನಾ ಅಕ್ಕ?" ಎಂದೆ. "ಅಮಾಸಿ ಮರುದಿನ ಭಾಳ ಆಗ್ತೈತಿ ಯಪ್ಪಾ, ಉಳಿದ ದಿನ ಪರವಾಗಿಲ್ಲ" ಎಂದಳು.

ಉಕ್ಕಡಗಾತ್ರಿಗೆ ಹರಕೆ ಹೊತ್ತು ಹೋಗುವವರು ನೀವಾದರೆ, ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡಬೇಡಿ. ಏನಾದರೂ ಕೊಟ್ಟೇ ಬರಬೇಕು ಅನ್ನಿಸಿದರೆ ಎದೆಯೆತ್ತರದ ಕೋಲು ಹಾಕಿಸಿದ ಎರಡು ಕಸಬರಿಗೆ ಕೊಟ್ಟು ಬನ್ನಿ. ಕೋಲು ಹಾಕಿಸುವ ಮುಂಚೆ ಗುಡಿಸುವವರನ್ನು ಒಮ್ಮೆ ನೆಟ್ಟಗೆ ನಿಲ್ಲಿಸಿ, ಅವರ ಎತ್ತರ ನೋಡಿಕೊಳ್ಳಿ.