ಕುಲಾವಿ

ಕನ್ನಡ ಪಾಠ ಹೇಳುವವರಿಗೆ ಒಂದು ಚಾಳಿಯುಂಟು. ಯಾವ ವಸ್ತು ಕೈಗೆ ಸಿಕ್ಕರೂ ಮೊದಲು ಅದರ ಹೆಸರನ್ನು ಹಿಡಿದು ಎಳೆದು ನೋಡುತ್ತೇವೆ. ವಸ್ತುವಿನ ವಿಚಾರ ಆಮೇಲೆ. ಹೋದ ವರ್ಷ ದಸರಾ ರಜೆಯಲ್ಲಿ ಅಮ್ಮನ ಎದುರಿಗೆ ಕುಳಿತು, ಅವಳ ಕ್ರೋಶಾ ಕಡ್ಡಿಯನ್ನು ತಿರುಗಿಸಿ ನೋಡುತ್ತ, "ಸಂಸ್ಕೃತದಲ್ಲಿ ಕ್ರೋಶ ಎಂದರೆ ಕೂಗು ಅಮ್ಮ. ಒಬ್ಬ ಕೂಗಿದರೆ ಎಷ್ಟು ದೂರ ಕೇಳಿಸುತ್ತದೆಯೋ ಅಷ್ಟು ದೂರಕ್ಕೂ ಅದೇ ಹೆಸರು. ಆದರೆ ನಿನ್ನ ಕ್ರೋಶಾ ಅದಲ್ಲ, ಇದು ಫ್ರೆಂಚರದು. ಪುಟ್ಟ ಕೊಕ್ಕೆ ಎಂದು ಅರ್ಥ" ಎಂದು ಉಪನ್ಯಾಸ ಕೊಟ್ಟೆ. ಅಮ್ಮ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ಹೆಸರು ಆಯಿತಲ್ಲ, ಇನ್ನು ದಾರ ಹಿಡಿ" ಎಂದಳು.

ನಲವತ್ತಾರನೆಯ ವಯಸ್ಸಿನಲ್ಲಿ ನಾನು ಹೆಣಿಗೆ ಕಲಿಯಲು ಕುಳಿತದ್ದು ಹೀಗೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ' ಎಂಬ ಗಾದೆಯನ್ನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವವಳೇ ಈಗ ಬಗ್ಗಲು ಹೊರಟಿದ್ದೆ. ಒಂದು ಮಾತನ್ನು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬೇಕು. ಗಿಡವಾಗಿದ್ದಾಗ ನಾನು ಬಗ್ಗಲೊಲ್ಲೆ ಎಂದವಳಲ್ಲ, ಬಗ್ಗಿಸಬೇಕಾದವರೇ ಬಗ್ಗಿಸಲಿಲ್ಲ.

ನಾನು ಬೆಳೆದದ್ದು ಶಿವಮೊಗ್ಗದಲ್ಲಿ. ಆ ಕಾಲದ ಮಧ್ಯಮವರ್ಗದ ಮನೆಗಳನ್ನು ಕಂಡವರಿಗೆ ಕ್ರೋಶಾದ ವೈಭವವನ್ನು ನಾನು ವರ್ಣಿಸಬೇಕಾಗಿಲ್ಲ. ಬಾಗಿಲಿಗೆ ಗಿಳಿಗಳ ತೋರಣ, ರೇಡಿಯೋದ ಮೇಲೊಂದು ಹೊದಿಕೆ, ರೇಡಿಯೋ ಹೋಗಿ ಟೆಲಿವಿಷನ್ ಬಂದಾಗ ಅದಕ್ಕೊಂದು, ನೀರಿನ ಹೂಜಿಗೆ ಮಣಿ ಕಟ್ಟಿದ ಜಾಲರಿ, ಹೆಣ್ಣು ನೋಡಲು ಬಂದವರ ಮುಂದೆ ಇಡುವ ತಟ್ಟೆಗೊಂದು ಬಟ್ಟೆ. 'ಇದೆಲ್ಲಾ ನಮ್ಮ ಹುಡುಗಿಯೇ ಹಾಕಿದ್ದು' ಎಂಬ ಮಾತು ಉಪ್ಪಿಟ್ಟಿನ ಜೊತೆಗೇ ಬರುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಇವು ಯಾವುವೂ ಇರಲಿಲ್ಲ. ಅಮ್ಮ ದಿನವೂ ಹೆಣೆಯುತ್ತಿದ್ದಳು. ಹೆಣೆದದ್ದೆಲ್ಲ ಅಂಗಡಿಗೆ ಹೋಗುತ್ತಿತ್ತು.

ಹೊತ್ತುಕೊಂಡು ಹೋಗುತ್ತಿದ್ದವಳು ನಾನು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಕಟ್ಟು. ಅಂಗಡಿಯ ಯಜಮಾನರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವರು. "ಇಲ್ಲಿ ಎಳೆ ಸಡಿಲ" ಎನ್ನುವರು, ಎಂಟಾಣೆ ಹಿಡಿದುಕೊಳ್ಳುವರು. ಹತ್ತು ವರ್ಷದ ಹುಡುಗಿಗೆ ಎಳೆಯ ಬಿಗಿ ಸಡಿಲಗಳ ಬಗ್ಗೆ ವಾದಿಸುವ ವಿದ್ಯೆ ಎಲ್ಲಿಂದ ಬರಬೇಕು? ಒಂದು ಶನಿವಾರ, ನಾವು ನಾಲ್ಕೂವರೆ ರೂಪಾಯಿಗೆ ಕೊಟ್ಟಿದ್ದ ಮೇಜಿನ ಹಾಸೊಂದು ಗಾಜಿನ ಹಿಂದೆ ಹದಿನೆಂಟು ರೂಪಾಯಿಯ ಚೀಟಿ ಅಂಟಿಸಿಕೊಂಡು ಕುಳಿತದ್ದನ್ನು ಕಂಡೆ. ಓಡಿಬಂದು ಅಮ್ಮನಿಗೆ ಹೇಳಿದೆ. ಅವಳು ಒಂದು ಸುತ್ತು ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ, "ಅಂಗಡಿಗೆ ಬಾಡಿಗೆ ಇರುತ್ತದೆ" ಎಂದಳು.

ಆ ಬೇಸಗೆಯಲ್ಲಿಯೇ ನನಗೂ ಕಲಿಸೆಂದು ಹಠ ಹಿಡಿದೆ. ಓರಗೆಯ ಹುಡುಗಿಯರೆಲ್ಲ ಕಲಿಯುತ್ತಿದ್ದರು. ಅಮ್ಮ ಕಡ್ಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಬೇಡ. ಇದನ್ನು ಕಲಿತರೆ ಮಾಡಿಸಿಕೊಳ್ಳುತ್ತಾರೆ. ನಿನ್ನ ಕೈಯಲ್ಲಿ ಪೆನ್ನು ಇರಲಿ."

ಪೆನ್ನೇನೋ ಉಳಿಯಿತು. ಅದರಿಂದ ನಾನು ಮಾಡಿದ ಮೊದಲ ಘನಕಾರ್ಯವನ್ನು ಈಗ ಹೇಳಬೇಕು. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಎಂಬ ಕಡೆ 'ಗೃಹಿಣಿ' ಎಂದು ಬರೆದೆ. 'ವರಮಾನ' ಎಂಬ ಕಡೆ 'ಇಲ್ಲ' ಎಂದು ಬರೆದೆ. ಆ ಅರ್ಜಿಯ ಜೊತೆಗೆ ಕಟ್ಟಿದ ಶುಲ್ಕ ಅಮ್ಮನ ಸೆರಗಿನ ಗಂಟಿನಿಂದ ಬಂದದ್ದು. ಗಂಟಿಗೆ ಬಂದದ್ದು ಗಿಳಿಗಳ ತೋರಣದಿಂದ. ಅದು ನನಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೂ ಬರೆಯುವಾಗ ಕೈ ತಡೆಯಲಿಲ್ಲ. ಕುಳಿತಲ್ಲೇ, ಹರಟುತ್ತಲೇ, ಒಲೆಯ ಮೇಲೆ ಒಂದು ಕಣ್ಣಿಟ್ಟೇ ಮಾಡುವುದನ್ನು ಉದ್ಯೋಗವೆಂದು ಕರೆಯುವುದುಂಟೆ ಎಂದೇ ತಿಳಿದಿದ್ದೆ.

ಹಾಗೆ ತಿಳಿದವಳು ನಾನೊಬ್ಬಳೇ ಅಲ್ಲ ಎಂಬ ಸಮಾಧಾನ ಬಹಳ ವರ್ಷಗಳ ಮೇಲೆ ಒಂದು ಗ್ರಂಥಾಲಯದಲ್ಲಿ ಸಿಕ್ಕಿತು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳ ಕುಟುಂಬದವರು ಅಲ್ಲಿನ ಬಡ ಹೆಂಗಸರಿಗೆ ಕ್ರೋಶಾ ಕಲಿಸಿದರು. ಅದು ಸುತ್ತಲ ಹಳ್ಳಿಗಳಿಗೆಲ್ಲ ಹಬ್ಬಿ, ಆ ಹೆಂಗಸರ ಲೇಸು ಹಡಗು ಹತ್ತಿ ಪರದೇಶಗಳಿಗೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದಿನಕ್ಕೆ ಎಷ್ಟೋ ಗಂಟೆ ದುಡಿಯುವ ಈ ಹೆಂಗಸರನ್ನು ಎಲ್ಲರೂ 'ಗೃಹಿಣಿಯರು' ಎಂದೇ ಕರೆಯುತ್ತಾರೆ, ಅವರ ದುಡಿಮೆಯನ್ನು 'ಬಿಡುವಿನ ಕೆಲಸ' ಎನ್ನುತ್ತಾರೆ, ಹಾಗೆ ಕರೆಯುವುದರಿಂದಲೇ ಕೂಲಿಯನ್ನು ಅಷ್ಟು ಕೆಳಗಿಡಲು ಸಾಧ್ಯವಾಗಿದೆ ಎಂಬುದು ಆ ಪುಸ್ತಕದ ತಿರುಳು. ಓದುತ್ತ ಓದುತ್ತ ನನ್ನ ಕಾಲೇಜಿನ ಅರ್ಜಿ ಕಣ್ಣ ಮುಂದೆ ಬಂತು. ಮುಖ ಬೆಚ್ಚಗಾಯಿತು.

ಹಸಿವಿಗೂ ಈ ಕೊಕ್ಕೆಗೂ ಹಳೆಯ ನಂಟು. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೊಳೆತು ಜನ ಲಕ್ಷಗಟ್ಟಲೆ ಸತ್ತಾಗ, ಮಠಗಳ ಸಂನ್ಯಾಸಿನಿಯರು ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಎಷ್ಟೋ ಮನೆಗಳ ಒಲೆ ಅದರಿಂದ ಉರಿಯಿತು. ಬಂಡವಾಳವೇನು? ಒಂದು ಕಡ್ಡಿ, ಒಂದು ಉಂಡೆ ದಾರ. ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಜೀವ ಹಿಡಿದು ಕುಳಿತಿರುತ್ತವೆ. ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ತೆರೆದಿರುವುದು ಒಂದೇ ಕುಣಿಕೆ. ಹಾಲು ಉಕ್ಕಿದರೆ, ಮಗು ಅತ್ತರೆ, ಬಾಗಿಲು ತಟ್ಟಿದರೆ ಅಲ್ಲೇ ಇಟ್ಟು ಏಳಬಹುದು. ಮನೆವಾರ್ತೆಯ ಹೆಂಗಸಿಗೆ ಇದಕ್ಕಿಂತ ಒಗ್ಗುವ ಕಸುಬು ಬೇರೆ ಇಲ್ಲ. ಅದು ಕಸುಬೆಂದು ಯಾರಿಗೂ ಕಾಣಿಸದಿರುವುದಕ್ಕೂ ಅದೇ ಕಾರಣ.

ಅಂಗಡಿಯ ಕೆಲಸ ನನಗೆ ನೌಕರಿ ಸಿಕ್ಕಿದ ವರ್ಷ ನಿಂತಿತು. ಅಮ್ಮ ಕಡ್ಡಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಮತ್ತೆ ಅದನ್ನು ತೆರೆದದ್ದು ಮೂರು ವರ್ಷದ ಹಿಂದೆ, ನನ್ನ ಅಣ್ಣನ ಮಗಳಿಗೆ ಎರಡು ತಿಂಗಳು ಮುಂಚೆಯೇ ಹೆರಿಗೆಯಾದಾಗ. ಸರ್ಕಾರಿ ಆಸ್ಪತ್ರೆ. ಮಗುವಿನ ತೂಕ ಒಂದು ಕಿಲೋ ನಾನೂರು ಗ್ರಾಂ. ತಲೆಗೆ ಟೋಪಿ ಬೇಕೆಂದರು. ಪೇಟೆಯಿಂದ ತಂದದ್ದು ಮಗುವಿನ ಮೂಗಿನವರೆಗೂ ಇಳಿಯಿತು.

ದಾದಿ ವಿವರಿಸಿ ಹೇಳಿದಳು. ಹುಟ್ಟಿದ ಕೂಸಿನ ದೇಹದಲ್ಲಿ ತಲೆಯೇ ದೊಡ್ಡ ಪಾಲು. ಶಾಖ ಅಲ್ಲಿಂದಲೇ ಹೆಚ್ಚು ಸೋರಿಹೋಗುತ್ತದೆ. ದಿನ ತುಂಬದ ಕೂಸಿಗೆ ಚರ್ಮದಡಿಯ ಕೊಬ್ಬೂ ಇಲ್ಲ. ಆದ್ದರಿಂದ ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಅಂಟಿಸಿ ಕಟ್ಟುತ್ತಾರೆ. ಕೂಸಿನ ಮೈಮೇಲೆ ಇರುವುದು ಲಂಗೋಟಿ, ಕಾಲುಚೀಲ, ಟೋಪಿ, ಇಷ್ಟೆ. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರು. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಬಂದಾಗ ವೈದ್ಯರು ಹುಡುಕಿಕೊಂಡ ಉಪಾಯವಿದು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಎಲ್ಲ ದೇಶಗಳಿಗೂ ಇದನ್ನು ಹೇಳುತ್ತದೆ.

ಅಮ್ಮನಿಗೆ ಬೊಗೊಟಾ ಬೇಕಾಗಿರಲಿಲ್ಲ. "ತಲೆ ಎಷ್ಟಿದೆ?" ಎಂದಳು. ಸುತ್ತಳತೆ ಇಪ್ಪತ್ತೆಂಟು ಸೆಂಟಿಮೀಟರು. ದೊಡ್ಡದೊಂದು ಮೂಸಂಬಿ ಎಂದುಕೊಳ್ಳಿ. ಆ ರಾತ್ರಿ ಬಿಸ್ಕತ್ತಿನ ಡಬ್ಬಿ ತೆರೆಯಿತು. ಬೆಳಗ್ಗೆ ಬಿಳಿಯ ಹತ್ತಿ ದಾರದ ಕುಲಾವಿಯೊಂದು ಮಗುವಿನ ತಲೆಯ ಮೇಲೆ ಅಳತೆಗೆ ಸರಿಯಾಗಿ ಕುಳಿತಿತ್ತು. ದಾದಿ ಅದನ್ನು ನೋಡಿ, ಪಕ್ಕದ ಹಾಸಿಗೆಗಳ ಕಡೆಗೂ ನೋಡಿ, "ಇನ್ನೂ ನಾಲ್ಕು ಆಗಬಹುದೇ ಅಜ್ಜಿ?" ಎಂದಳು. ಆ ನಾಲ್ಕು ಇನ್ನೂ ಮುಗಿದಿಲ್ಲ. ಅಣ್ಣನ ಮೊಮ್ಮಗನಿಗೆ ಈಗ ಮೂರು ವರ್ಷ. ಟೋಪಿ ಹಾಕಿದರೆ ಕಿತ್ತೆಸೆಯುತ್ತಾನೆ.

ಅಮ್ಮನ ಹಳೆಯ ಲೆಕ್ಕದ ಪುಸ್ತಕ ಮತ್ತೆ ಹೊರಗೆ ಬಂದಿದೆ. ತಾರೀಖು, ಸಂಖ್ಯೆ, ಹಣ ಎಂದು ಮೂರು ಅಂಕಣ. ಹಿಂದಿನ ಪುಟಗಳಲ್ಲಿ ನಾಲ್ಕೂವರೆ, ನಾಲ್ಕು, ಮೂರೂಮುಕ್ಕಾಲು. ಈಗಿನ ಪುಟಗಳಲ್ಲಿ ಮೂರನೆಯ ಅಂಕಣ ಖಾಲಿ. ಒಮ್ಮೆ ನಾನು ಬುದ್ಧಿವಂತಿಕೆಯಿಂದ, "ಈಗ ಕೈಯಿಂದ ಮಾಡಿದ್ದಕ್ಕೆ ನೂರಿನ್ನೂರು ಕೊಡುತ್ತಾರೆ. ಅಂದು ಅಷ್ಟು ಮೋಸಹೋದವಳು ಇಂದು ಪುಕ್ಕಟೆ ಏಕೆ ಕೊಡಬೇಕು?" ಎಂದೆ. ಮರಿಯಾ ಮೀಸ್ ಅವರನ್ನು ಓದಿದವಳಲ್ಲವೆ! ಅಮ್ಮ ಹೇಳಿದಳು: "ಆಗಲೂ ಬೆಲೆ ಕಟ್ಟುತ್ತಿದ್ದವರು ಬೇರೆಯವರೇ. ಬೇಡ ಎನ್ನುವುದಾದರೂ ನನ್ನದಾಗಿರಲಿ." ನನ್ನ ಓದಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಹೋದ ವರ್ಷ ಅವಳ ಕಣ್ಣಿಗೆ ಪೊರೆ ಬಂದು, ಎಪ್ಪತ್ತೆರಡರ ಬೆರಳುಗಳೂ ಹಟ ಹಿಡಿದ ಮೇಲೆ ನನ್ನನ್ನು ಕರೆದಳು. "ಆಗ ಕಲಿಸಲೊಲ್ಲೆ ಎಂದೆಯಲ್ಲ?" ಎಂದು ಕೇಳಿದೆ. "ಈಗ ನಿನ್ನ ಕೈಯಲ್ಲಿ ಯಾರೂ ಮಾಡಿಸಿಕೊಳ್ಳಲಾರರು. ಮಾಡಿದರೆ ನೀನೇ ಮಾಡುತ್ತೀ" ಎಂದಳು.

ಲೆಕ್ಕ ಸುಲಭ. ನೆತ್ತಿಯಿಂದ ಆರಂಭ, ಮೊದಲ ಸುತ್ತಿಗೆ ಆರು ಹೆಣಿಗೆ, ಆಮೇಲೆ 12, 18, 24. ಸುತ್ತಿಗೆ ಆರಾರು ಹೆಚ್ಚಿಸಿದರೆ ಚಪ್ಪಟೆ ಬಿಲ್ಲೆ. ತಲೆಯ ಸುತ್ತಳತೆಯ ಮೂರನೆಯ ಒಂದು ಪಾಲಿನಷ್ಟು ಅಗಲ ಬಂದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ಬಿಲ್ಲೆ ತಾನಾಗಿ ಬಾಗಿ ಬಟ್ಟಲಾಗುತ್ತದೆ. ಲೆಕ್ಕ ಸುಲಭವೆಂದೆನೇ ಹೊರತು ಕೆಲಸ ಸುಲಭವೆನ್ನಲಿಲ್ಲ. ನನ್ನ ಮೊದಲ ಕುಲಾವಿ, ಹೆಚ್ಚಿಸಲು ಮರೆತು, ಕಡಲೆಪುರಿಯ ಪೊಟ್ಟಣವಾಯಿತು. ಎರಡನೆಯದು, ನಿಲ್ಲಿಸಲು ಮರೆತು, ಕೋಳಿಜುಟ್ಟಿನ ಹೂವಾಯಿತು. ಮೂರನೆಯದಕ್ಕೆ ಅಂದವಾಗಿ ಒಂದು ಗುಂಡಿ ಹೊಲಿದೆ. "ಕಿತ್ತು ಬಾಯಿಗೆ ಹೋದರೆ?" ಎಂದು ಅಮ್ಮ ಅದನ್ನು ಕತ್ತರಿಸಿದಳು. ಆಮೇಲೆ ಬೆಳಕಿಗೆ ಹಿಡಿದು ನೋಡಿ, "ಇಲ್ಲಿ ಎಳೆ ಸಡಿಲ" ಎಂದಳು. ಆ ಮಾತು ಕೇಳಿ ಇಬ್ಬರೂ ಒಂದು ಕ್ಷಣ ಸುಮ್ಮನಾದೆವು. ಆಮೇಲೆ ಅವಳೇ ಮೊದಲು ನಕ್ಕಳು. ದಾರ ಹಿಡಿದೆಳೆದರೆ ಎರಡು ದಿನದ ದುಡಿಮೆ ಎರಡು ನಿಮಿಷದಲ್ಲಿ ಮತ್ತೆ ಉಂಡೆಯಾಯಿತು. ಎಂಟಾಣೆ ಮಾತ್ರ ಹಿಡಿದುಕೊಳ್ಳಲಿಲ್ಲ.

ಈ ಯುಗಾದಿಯ ಹೊತ್ತಿಗೆ ನನ್ನ ಐದು ಕುಲಾವಿಗಳು ಪರೀಕ್ಷೆಯಲ್ಲಿ ಉತ್ತೀರ್ಣವಾಗಿ ಆಸ್ಪತ್ರೆಗೆ ಹೋದವು. ಅವು ಯಾವ ಕೂಸುಗಳ ತಲೆಯ ಮೇಲಿವೆಯೋ ನಾನರಿಯೆ. ಹೋದ ತಿಂಗಳು ಅಮ್ಮನನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಕರೆದುಕೊಂಡು ಹೋಗಿದ್ದೆ. ನೋಂದಣಿ ಮಾಡುವ ಹುಡುಗ ಹೆಸರು ಕೇಳಿದ, ವಯಸ್ಸು ಕೇಳಿದ. ಉದ್ಯೋಗ ಕೇಳದೆ ತಾನೇ 'ಗೃಹಿಣಿ' ಎಂದು ಒತ್ತಿದ. "ಅದನ್ನು ಅಳಿಸಪ್ಪ. ಹೆಣಿಗೆ ಎಂದು ಬರೆ. ಐವತ್ತು ವರ್ಷದ ಅನುಭವ" ಎಂದೆ. ಅವನು ನನ್ನನ್ನೊಮ್ಮೆ ನೋಡಿ ಹಾಗೆಯೇ ಬರೆದ. ಇಪ್ಪತ್ತೆಂಟು ವರ್ಷ ತಡವಾಗಿ ತಿದ್ದಿದ ಉತ್ತರಪತ್ರಿಕೆ; ಅಂಕ ಕೊಡುವವರು ಕೊಡಲಿ, ಬಿಡಲಿ.

ಅಮ್ಮ ನನ್ನ ಕೈ ಜಗ್ಗಿದಳು. "ಏನಾದರೂ ಬರೆದುಕೊಳ್ಳಲಿ. ಕಣ್ಣು ಎಂದಿಗೆ ಸರಿಹೋಗುತ್ತದೆ, ಅದನ್ನು ಕೇಳು. ಇನ್ನೂ ಏಳು ಟೋಪಿ ಬಾಕಿ ಇದೆ."